ನಂದಿಬಟ್ಟಲು ತಿಂದ ಹುಳುವಿನ ಹೆಸರು ಕೇಳಿದ ಕಥೆ

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ನಂದಿಬಟ್ಟಲು ಗಿಡ ಇದೆ. ಪಕ್ಕದ ಮನೆಯ ಮರಾಠಿ ಕಾಕು ಅದನ್ನು ತಗರ ಅನ್ನುತ್ತಾರೆ. ದಿನಾ ಬೆಳಿಗ್ಗೆ ದೇವರಿಗೆ ಏಳೆಂಟು ಹೂವಾದರೂ ಸಿಗುತ್ತವೆ. ಹೋದ ವರ್ಷ ಆಗಸ್ಟಿನಲ್ಲಿ ಎರಡೇ ದಿನದಲ್ಲಿ ಅದರ ಒಂದು ಕೊಂಬೆ ಬೋಳಾಯಿತು. ಕೆಳಗೆ ಟೈಲ್ಸ್ ಮೇಲೆ ಕಾಳುಮೆಣಸು ಚೆಲ್ಲಿದ ಹಾಗೆ ಕಪ್ಪು ಹಿಕ್ಕೆ. ಹುಳು ಮಾತ್ರ ಎಲ್ಲೂ ಇಲ್ಲ. ರಾತ್ರಿ ಟಾರ್ಚ್ ಹಿಡಿದು ಒಂದೊಂದೇ ಎಲೆ ತಿರುವಿದಾಗ ಸಿಕ್ಕಿತು. ಎಲೆಯದೇ ಹಸಿರು, ನನ್ನ ತೋರುಬೆರಳಿನಷ್ಟು ಉದ್ದ, ಮೈಮೇಲೆ ಒಂದು ಕೂದಲೂ ಇಲ್ಲ.

ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕಿದೆ. ಐದು ನಿಮಿಷದಲ್ಲಿ ಹತ್ತು ಉತ್ತರ ಬಂತು. ಬೇವಿನೆಣ್ಣೆ ಹೊಡೆಯಿರಿ, ಸೋಪಿನ ನೀರು ಹಾಕಿ, ಕಿತ್ತು ಬಿಸಾಡಿ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನನಗೆ ಈ ಹುಳು ಯಾವುದು, ದೊಡ್ಡದಾದರೆ ಏನಾಗುತ್ತದೆ ಅಂತ ತಿಳಿಯಬೇಕಿತ್ತು. ಅದು ಗೊತ್ತಿದ್ದವರು ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಇರಲಿಲ್ಲ.

ಕೀಟಗಳ ಬಗ್ಗೆ ತಿಳಿದವರು ಸೇರುವ ಒಂದು ಫೇಸ್‌ಬುಕ್ ಗುಂಪಿನಲ್ಲಿ ಕೇಳಿದೆ. ಕನ್ನಡದವರೂ ಬಹಳ ಜನ ಇದ್ದಾರೆ ಅಲ್ಲಿ. ನನ್ನ ಪ್ರಶ್ನೆ ಮೂರೇ ಪದ: ‘ಇದು ಯಾವ ಹುಳು?’ ಜೊತೆಗೆ ಟಾರ್ಚ್ ಬೆಳಕಿನಲ್ಲಿ ತೆಗೆದ ಮಬ್ಬು ಫೋಟೊ. ಅರ್ಧ ದಿನ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ‘ನಿಂಬೆ ಚಿಟ್ಟೆಯ ಮರಿ’ ಅಂದರು. ಅಷ್ಟಕ್ಕೇ ಬಿಡುತ್ತಿದ್ದೆನೋ ಏನೋ. ಆಗ ಇನ್ನೊಬ್ಬರು ಬರೆದರು: ‘ಅಕ್ಕ, ಯಾವ ಗಿಡದ ಮೇಲಿತ್ತು? ಬಾಲದ ಕಡೆ ಕೊಂಬು ಇದೆಯಾ? ಹಗಲು ಹೊತ್ತಿನಲ್ಲಿ ತಲೆಯ ಕಡೆಯಿಂದ ಒಂದು ಫೋಟೊ ತೆಗೆಯಿರಿ.’

ಆ ಮೂರು ಮಾತಿನಿಂದ ನಾನು ಹುಳುವನ್ನು ನೋಡುವ ರೀತಿಯೇ ಬೇರೆಯಾಯಿತು. ಮರುದಿನ ಬೆಳಿಗ್ಗೆ ಗಿಡದ ಮುಂದೆ ಕೂತೆ. ಬಾಲದ ತುದಿಯಲ್ಲಿ ಕಿತ್ತಳೆ ಬಣ್ಣದ ಗಿಡ್ಡ ಕೊಂಬು ಇತ್ತು. ಎರಡೂ ಪಕ್ಕಕ್ಕೆ ಉದ್ದಕ್ಕೆ ಬಿಳಿ ಗೆರೆ, ಅದರ ಆಚೀಚೆ ರಂಗೋಲಿ ಪುಡಿ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಎಲೆಯನ್ನು ಸ್ವಲ್ಪ ಅಲ್ಲಾಡಿಸಿದೆ. ಹುಳು ತಲೆಯನ್ನು ಒಳಗೆಳೆದು ಕುತ್ತಿಗೆ ಉಬ್ಬಿಸಿತು. ಅಲ್ಲಿ ಎರಡು ದೊಡ್ಡ ನೀಲಿ ಕಣ್ಣು! ನಡುವೆ ಬಿಳಿ, ಸುತ್ತ ಕಪ್ಪು ಗೆರೆ. ನಿಜವಾದ ಕಣ್ಣಲ್ಲ, ಹಕ್ಕಿಗಳನ್ನು ಹೆದರಿಸುವ ಮಚ್ಚೆ. ನೋಡುತ್ತಾ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಈ ಸಲ ಪೂರ್ತಿ ಬರೆದೆ. ಮುಂಬೈ, ಮುಲುಂಡ್, ಆಗಸ್ಟ್ ತಿಂಗಳು, ಬಾಲ್ಕನಿಯ ಕುಂಡ, ನಂದಿಬಟ್ಟಲು ಗಿಡ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಒಂದು ಫೋಟೊ. ಆ ನಾಣ್ಯದ ಅಗಲ 27 ಮಿಲಿಮೀಟರ್, ಹಾಗಾಗಿ ನೋಡಿದವರಿಗೆ ಅಳತೆ ತಾನಾಗಿ ಸಿಗುತ್ತದೆ. ಬಿಲ್ಡಿಂಗಿನ ಹೆಸರು ಹಾಕಲಿಲ್ಲ, ಅದು ಯಾರಿಗೂ ಬೇಕಿಲ್ಲ.

ಹತ್ತೇ ನಿಮಿಷಕ್ಕೆ, ಕೊಂಬು ಇದೆಯಾ ಅಂದವರಿಂದಲೇ ಉತ್ತರ. ಕಣಗಿಲೆ ಪತಂಗ. ವಿಜ್ಞಾನದ ಹೆಸರು ಡ್ಯಾಫ್ನಿಸ್ ನೀರಿಯೈ. 1758ರಲ್ಲಿ ವಿಜ್ಞಾನಿ ಲಿನೇಯಸ್ ಇಟ್ಟ ‘ನೀರಿಯೈ’ ಅನ್ನುವ ಹೆಸರಿನಲ್ಲೇ ಕಣಗಿಲೆ ಇದೆ, ಆ ಗಿಡದ ಹೆಸರು ನೀರಿಯಂ ಅಲ್ವಾ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಮೂರೂ ಒಂದೇ ಕುಟುಂಬದ ಗಿಡಗಳು, ಮೂರನ್ನೂ ಇದು ತಿನ್ನುತ್ತದೆ. ಯಾವ ಗುರುತಿನಿಂದ ಹೇಳಿದಿರಿ ಅಂತ ಕೇಳಿದೆ. ಬೇಸರ ಇಲ್ಲದೆ ಬಿಡಿಸಿ ಹೇಳಿದರು. ನಿಂಬೆ ಚಿಟ್ಟೆಯ ಮರಿ ನಿಂಬೆಯಂಥ ಗಿಡಗಳನ್ನು ತಿನ್ನುತ್ತದೆ, ಅದಕ್ಕೆ ಬಾಲದ ಕೊಂಬಿಲ್ಲ. ಮೊದಲು ನಿಂಬೆ ಚಿಟ್ಟೆ ಅಂದವರೂ ಬಂದು ‘ನನಗೂ ಗೊತ್ತಾಯ್ತು’ ಅಂತ ಬರೆದರು. ಯಾವ ಉತ್ತರ ಬಂದರೂ ಗುರುತು ಕೇಳುವ ಅಭ್ಯಾಸ ಅವತ್ತಿನಿಂದ ಶುರುವಾಯಿತು. ಮರ್ಯಾದೆಯಿಂದ ಕೇಳಿದರೆ ಬಲ್ಲವರು ಖುಷಿಯಿಂದಲೇ ಹೇಳುತ್ತಾರೆ.

ಹುಳುವಿನ ಹೆಸರು ಹೇಳಿದವರೇ ಮುಂದಿನದನ್ನೂ ಹೇಳಿಕೊಟ್ಟರು. ಹಸಿರು ಹೋಗಿ ಮೈ ಕಂದಾದರೆ ಅದು ನೆಲಕ್ಕಿಳಿಯುವ ಹೊತ್ತು. ಅಗಲವಾದ ಡಬ್ಬಿಯಲ್ಲಿ ಸ್ವಲ್ಪ ಮಣ್ಣು, ಮೇಲೆ ಒಣಗಿದ ಎಲೆ ಹಾಕಿಡಿ. ಒಂದು ಒರಟು ಕಡ್ಡಿಯನ್ನೂ ನಿಲ್ಲಿಸಿ. ಹೊರಬಂದ ಪತಂಗಕ್ಕೆ ಹತ್ತಿ ನೇತಾಡಲು ಜಾಗ ಬೇಕು, ಇಲ್ಲದಿದ್ದರೆ ರೆಕ್ಕೆ ಸರಿಯಾಗಿ ಬಿಚ್ಚುವುದಿಲ್ಲ. ಕಡ್ಡಿಯ ವಿಷಯ ನನಗೆ ಹೊಳೆಯುತ್ತಲೇ ಇರಲಿಲ್ಲ.

ಮೂರನೇ ದಿನ ಹುಳು ಕಂದಾಯಿತು. ಡಬ್ಬಿಗೆ ಬಿಟ್ಟೆ, ಎಲೆಗಳ ಕೆಳಗೆ ಸೇರಿಕೊಂಡಿತು. ಎರಡು ದಿನಕ್ಕೆ ಕೋಶವಾಯಿತು, ಖರ್ಜೂರದ ಬೀಜಕ್ಕಿಂತ ದಪ್ಪ, ತಿಳಿಕಂದು. ಹದಿಮೂರನೇ ದಿನ ರಾತ್ರಿ ಅಡುಗೆಮನೆ ಒರೆಸಿ ಬಂದು ನೋಡಿದರೆ ಕಡ್ಡಿಯ ಮೇಲೆ ಏನೋ ಒದ್ದೆ ಬಟ್ಟೆಯ ಮುದ್ದೆಯ ಹಾಗೆ. ನಮ್ಮವರನ್ನೂ ಮಗನನ್ನೂ ಕರೆದೆ. ಮೂವರೂ ನೆಲದ ಮೇಲೆ ಕೂತೆವು. ಮುದ್ದೆಯಾಗಿದ್ದ ರೆಕ್ಕೆ ನಿಧಾನಕ್ಕೆ ಕೆಳಗಿಳಿಯಿತು. ಹಸಿರಿನ ಮೇಲೆ ಹಸಿರು, ನಡುನಡುವೆ ತಿಳಿ ಗುಲಾಬಿ ಪಟ್ಟಿ. ಅಮ್ಮನ ಹಳೆಯ ರೇಷ್ಮೆ ಸೀರೆ ನೆನಪಾಯಿತು. ಬಾಲ್ಕನಿಯ ಬಾಗಿಲು ತೆರೆದಿಟ್ಟು ಮಲಗಿದೆವು. ಬೆಳಿಗ್ಗೆ ಕಡ್ಡಿ ಖಾಲಿ.

ಎಲ್ಲ ಫೋಟೊಗಳನ್ನೂ ಅದೇ ಪ್ರಶ್ನೆಯ ಕೆಳಗೆ ಹಾಕಿ, ಎಷ್ಟು ದಿನಕ್ಕೆ ಏನಾಯಿತು ಅಂತ ಬರೆದೆ. ‘ಕೇಳಿದವರು ಹೀಗೆ ತಿರುಗಿ ಬಂದು ಹೇಳುವುದು ಕಡಿಮೆ, ತುಂಬಾ ಸಂತೋಷ’ ಅಂದರು ಆ ಪುಣ್ಯಾತ್ಮ. ನನಗೆ ಗಂಟಲು ಕಟ್ಟಿತು. ಗುರುತಿಲ್ಲ, ಪರಿಚಯವಿಲ್ಲ, ಮೂರು ವಾರ ನನ್ನ ಜೊತೆ ಇದ್ದರು.

ಆಮೇಲೆ ಬೇರೆ ಸಂಗತಿಗಳನ್ನೂ ಕೇಳತೊಡಗಿದೆ. ಮಗ ನಾಣ್ಯ ಕೂಡಿಸುತ್ತಾನೆ. ಇಸವಿಯ ಕೆಳಗೆ ಕೆಲವದರಲ್ಲಿ ಇಸ್ಪೀಟಿನ ಡೈಮಂಡ್‌ನಂಥ ಗುರುತು, ಕೆಲವದರಲ್ಲಿ ನಕ್ಷತ್ರ ಯಾಕೆ ಅಂತ ಅವನಿಗೆ ಕುತೂಹಲ. ನಾಣ್ಯ ಬಲ್ಲ ಒಬ್ಬರು ಹೇಳಿದರು: ಡೈಮಂಡ್ ಅಂದರೆ ಮುಂಬೈ ಟಂಕಸಾಲೆ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಮುಂಬೈಯದು ಫೋರ್ಟ್‌ನಲ್ಲಿ, ರಿಸರ್ವ್ ಬ್ಯಾಂಕಿನ ಎದುರಿಗೇ ಇದೆ. ನಮ್ಮವರು ದಿನಾ ಅದರ ಮುಂದೆಯೇ ಆಫೀಸಿಗೆ ನಡೆದು ಹೋಗುತ್ತಾರೆ!

ಈ ಜುಲೈಯಲ್ಲಿ ಪುಣೆಯ ಒಬ್ಬ ಹುಡುಗಿ ಅದೇ ಗುಂಪಿನಲ್ಲಿ ಮಬ್ಬು ಫೋಟೊ ಹಾಕಿ, ‘ಇದನ್ನು ಸಾಯಿಸುವುದು ಹೇಗೆ’ ಅಂತ ಕೇಳಿದ್ದಳು. ಯಾವ ಗಿಡದ ಮೇಲಿತ್ತು ಪುಟ್ಟಿ, ಬಾಲದ ಕಡೆ ಕೊಂಬಿದೆಯಾ ನೋಡು ಅಂತ ಬರೆದೆ. ಕಣಗಿಲೆ ಗಿಡ ಅಂದಳು, ಕೊಂಬಿದೆ ಅಂದಳು. ಎಲೆ ಅಲ್ಲಾಡಿಸಿ ನೋಡು ಅಂದೆ. ಒಂದು ಗಂಟೆ ಸುದ್ದಿಯಿಲ್ಲ. ಆಮೇಲೆ ನೀಲಿ ಕಣ್ಣಿನ ಫೋಟೊ ಬಂತು, ಜೊತೆಗೆ ‘ಆಂಟಿ, ಡಬ್ಬಿ ಎಷ್ಟು ದೊಡ್ಡದಿರಬೇಕು?’