ಉಪ್ಪುನೀರಿನ ಅಕ್ವೇರಿಯಂಗೆ ಮುಚ್ಚಳ ಬೇಕಾ, ಬೇಡ್ವಾ? ಕಲಬುರಗಿ ಬಿಸಿಲಿಗೆ ತಕ್ಕ ಲೆಕ್ಕ

ಕಲಬುರಗಿಯಲ್ಲೂ ಈಗ ಹಾಲ್‌ನಲ್ಲಿ ಸಮುದ್ರದ ಮೀನು ಸಾಕುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಲೈಟು ಯಾವುದು, ಪಂಪು ಯಾವುದು, ಉಪ್ಪು ಯಾವ ಕಂಪನಿಯದು ಎಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಮುಚ್ಚಳದ ಮಾತು ಬಂದಾಗ ಮಾತ್ರ ಟ್ಯಾಂಕ್ ಜೊತೆ ಬಂದದ್ದನ್ನೇ ಹಾಕಿ ಸುಮ್ಮನಾಗುತ್ತಾರೆ. ಇಲ್ಲವೇ ವಿಡಿಯೊದಲ್ಲಿ ಯಾರೋ ತೆರೆದಿಟ್ಟಿದ್ದಾರೆ ಎಂದು ತಾವೂ ತೆರೆದಿಡುತ್ತಾರೆ. ಆ ವಿಡಿಯೊ ಮಾಡಿದವರ ಊರಲ್ಲಿ ಮೇ ತಿಂಗಳು 43 ಡಿಗ್ರಿ ಇರುವುದಿಲ್ಲ, ಅಲ್ವಾ? ನಮ್ಮಲ್ಲಿ ಮುಚ್ಚಳದ ಕೆಲಸ ಮೀನು ಹಾರದಂತೆ ತಡೆಯುವುದಷ್ಟೇ ಅಲ್ಲ. ನೀರು ಎಷ್ಟು ಬಿಸಿಯಾಗುತ್ತದೆ, ಎಷ್ಟು ಉಪ್ಪಾಗುತ್ತದೆ, ಅದರಲ್ಲಿ ಎಷ್ಟು ಆಮ್ಲಜನಕ ಉಳಿಯುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ. ಹಾಗಾಗಿ ಗಾಜೋ ಬಲೆಯೋ ಎಂದು ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದೆರಡು ಪರೀಕ್ಷೆ ಮಾಡಿ.

ಮೊದಲು, ಒಳಗೆ ಯಾರಿದ್ದಾರೆ ನೋಡಿ

ಫೈರ್‌ಫಿಶ್, ರಾಸ್, ಗೋಬಿ, ಜಾಫಿಶ್ ಇವೆಲ್ಲ ಹಾರುವ ಮೀನುಗಳು. ಸಮುದ್ರದಲ್ಲಿ ಬೆದರಿ ಮೇಲಕ್ಕೆ ಚಿಮ್ಮಿದರೂ ಮತ್ತೆ ನೀರಿಗೇ ಬೀಳುತ್ತವೆ. ನಮ್ಮ ಮನೆಯಲ್ಲಿ ಬೀಳುವುದು ಶಹಾಬಾದ್ ಕಲ್ಲಿನ ಮೇಲೆ. ಹಾರಾಟ ಜಾಸ್ತಿ ರಾತ್ರಿ ಹೊತ್ತು. ಉರಿಯುತ್ತಿದ್ದ ಲೈಟು ಪಟ್ಟಂತ ಆರಿದರೆ ಸಾಕು. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ಕಡೆ ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹೊಸ ಮೀನನ್ನು ಹಳೆಯದು ಅಟ್ಟಿಸಿಕೊಂಡು ಹೋದಾಗಲೂ ಹೀಗೇ ಆಗುತ್ತದೆ. ಕ್ಲೌನ್‌ಫಿಶ್ ಹಾರುವುದು ಕಡಿಮೆ, ಆದರೆ ಹಾರುವುದೇ ಇಲ್ಲ ಎಂದಲ್ಲ. ಮೊರೆ ಈಲ್ ಇದ್ದರಂತೂ ಹಗುರ ಮುಚ್ಚಳ ಸಾಲದು. ಅದು ತಲೆಯಿಂದ ನೂಕಿ ಸಂದಿ ಮಾಡಿಕೊಂಡು ಹೊರಬೀಳುತ್ತದೆ.

ಈ ಪಟ್ಟಿಯಲ್ಲಿ ಒಂದು ಮೀನಾದರೂ ನಿಮ್ಮಲ್ಲಿದ್ದರೆ ಪೂರ್ತಿ ತೆರೆದಿಡುವ ಮಾತು ಬಿಟ್ಟುಬಿಡಿ. ಪ್ರಶ್ನೆ ಉಳಿಯುವುದು ಯಾವ ಮುಚ್ಚಳ ಎಂಬುದು ಮಾತ್ರ. ಅಂದಹಾಗೆ, ನಮ್ಮ ಕಡಲಿನ ಗಟ್ಟಿ ಹವಳ, ಕಡಲಕುದುರೆ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಯಾರಾದರೂ ಕೊಡುತ್ತೇನೆ ಎಂದರೂ ತರಬೇಡಿ.

ಆಮೇಲೆ, ಒಂದು ಟೇಪು ಅಂಟಿಸಿ

ಬೆಳಿಗ್ಗೆ ಏಳಕ್ಕೆ ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಹೊರಗೆ ಒಂದು ತುಂಡು ಟೇಪು ಅಂಟಿಸಿ. ಮರುದಿನ ಅದೇ ಹೊತ್ತಿಗೆ ಸ್ಕೇಲು ಹಿಡಿದು ನೀರು ಎಷ್ಟು ಇಳಿದಿದೆ ನೋಡಿ. ಕೆಳಗೆ ಸಂಪ್ (ಟ್ಯಾಂಕ್‌ನ ನೀರು ಇಳಿದು ಶುದ್ಧವಾಗಿ ಮತ್ತೆ ಮೇಲೇರುವ ಎರಡನೇ ತೊಟ್ಟಿ) ಇದ್ದರೆ ಮೇಲಿನ ಟ್ಯಾಂಕ್‌ನಲ್ಲಿ ಏನೂ ಗೊತ್ತಾಗುವುದಿಲ್ಲ, ಸಂಪ್‌ನಲ್ಲಿ ಪಂಪ್ ಇರುವ ಭಾಗಕ್ಕೆ ಟೇಪು ಹಾಕಬೇಕು. ಮುಚ್ಚಳ ತೆಗೆದು (ಹಾರುವ ಮೀನಿದ್ದರೆ ಬರೀ ಬಲೆ ಹೊದಿಸಿ) ಒಂದು ದಿನ, ಹಾಕಿ ಒಂದು ದಿನ ಹೀಗೆ ಅಳೆದರೆ ನಿಮ್ಮ ಮನೆಯ ಲೆಕ್ಕ ಕೈಗೆ ಸಿಗುತ್ತದೆ.

90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕ್ ಎಂದಿಟ್ಟುಕೊಳ್ಳಿ. ಅದರಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ 4 ಲೀಟರ್ ಹೋಯಿತು ಎಂದರ್ಥ. ಹೋದದ್ದು ಬರೀ ನೀರು. ಉಪ್ಪು ಅಲ್ಲೇ ಉಳಿಯಿತು. ಸಮುದ್ರದ ನೀರಿನಲ್ಲಿ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. 200 ಲೀಟರ್ ನೀರಿನಿಂದ ದಿನಕ್ಕೆ 4 ಲೀಟರ್‌ನಂತೆ ಮೂರು ದಿನ ಹೋದರೆ ಅದು 37 ದಾಟುತ್ತದೆ. ಮದುವೆಗೆಂದು ಒಂದು ವಾರ ಊರಿಗೆ ಹೋಗಿ ಬಂದಿರೋ, 40 ದಾಟಿರುತ್ತದೆ. ಮೀನು ಹೇಗೋ ತಡೆದುಕೊಂಡರೂ ಸೀಗಡಿ, ಹವಳಗಳಿಗೆ ಈ ಏರಿಳಿತ ಆಗುವುದಿಲ್ಲ.

ಇಳಿದ ನೀರಿನ ಜಾಗಕ್ಕೆ ಸಿಹಿನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ಹೊಸಬರು ಇಲ್ಲೇ ಎಡವುವುದು ಜಾಸ್ತಿ. ಬೋರ್‌ವೆಲ್ ನೀರು ಬೇಡವೇ ಬೇಡ, ನಮ್ಮ ಕಡೆ ಅದು ಗಡಸು. ಆವಿಯಾದಷ್ಟನ್ನು ಅದರಿಂದಲೇ ತುಂಬುತ್ತಾ ಹೋದರೆ ಅದರಲ್ಲಿರುವುದೆಲ್ಲ ಟ್ಯಾಂಕ್‌ನಲ್ಲಿ ಜಮೆಯಾಗುತ್ತದೆ. ಆರ್‌ಒ ನೀರು ಬಳಸಿ. ಕ್ಯಾನ್ ನೀರಾದರೆ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿಯೇ ಹಾಕಿ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ದಿನಾ ಬೆಳಿಗ್ಗೆ ನಾಲ್ಕು ಲೀಟರ್ ಹಾಕಲು ಆಗುತ್ತದಾ? ಆಗುವುದಾದರೆ ಅಥವಾ ತಾನಾಗಿಯೇ ನೀರು ತುಂಬುವ ಎಟಿಒ ಉಪಕರಣ ಇದ್ದರೆ ಗಾಳಿಯಾಡುವ ಮುಚ್ಚಳಕ್ಕೆ ಹೋಗಬಹುದು. ಆಗುವುದಿಲ್ಲ ಎಂದಾದರೆ ಗಾಜಿನ ಮುಚ್ಚಳ ಆವಿಯನ್ನು ತುಂಬಾ ಕಡಿಮೆ ಮಾಡುತ್ತದೆ, ನಿಜ. ಆದರೆ ಅದಕ್ಕೆ ಬೇರೊಂದು ಬೆಲೆ ತೆರಬೇಕಾಗುತ್ತದೆ.

ಬಿಸಿಲಿನ ಲೆಕ್ಕ

ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆದ ಮೇಲೆ ಕಲಬುರಗಿಯ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಸಮುದ್ರದ ಮೀನುಗಳಿಗೆ ಬೇಕಾದದ್ದು 24ರಿಂದ 27 ಡಿಗ್ರಿ. 30 ದಾಟಿ ಅಲ್ಲೇ ನಿಂತರೆ ಹವಳ ಬೆಳ್ಳಗಾಗತೊಡಗುತ್ತದೆ. ಮಧ್ಯಾಹ್ನ ನಮ್ಮ ಹಾಲ್‌ಗಳೇ 35ರ ಮೇಲಿರುತ್ತವೆ. ಸಾಲದ್ದಕ್ಕೆ ಪಂಪು, ಲೈಟಿನ ಬಿಸಿ ಬೇರೆ.

ಇಲ್ಲಿ ನಮ್ಮನ್ನು ಕಾಪಾಡುವುದು ನಮ್ಮ ಒಣ ಗಾಳಿಯೇ. ಮಣ್ಣಿನ ಮಡಕೆಯ ನೀರು ತಣ್ಣಗಾಗುವಂತೆಯೇ ಟ್ಯಾಂಕ್‌ನ ನೀರೂ ಆವಿಯಾಗುತ್ತಾ ತಣ್ಣಗಾಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಹೊತ್ತೊಯ್ಯುವ ಶಾಖ 200 ಲೀಟರ್ ನೀರನ್ನು ಸುಮಾರು 3 ಡಿಗ್ರಿ ತಂಪು ಮಾಡಲು ಸಾಕು. ನೀರಿನ ಮೇಲೆ ಅಡ್ಡಲಾಗಿ ಗಾಳಿ ಬೀಸುವಂತೆ ಒಂದು ಸಣ್ಣ ಕ್ಲಿಪ್ ಫ್ಯಾನ್ ಇಟ್ಟು, 27 ಡಿಗ್ರಿ ದಾಟಿದಾಗ ತಾನೇ ಶುರುವಾಗುವಂತೆ ಕಂಟ್ರೋಲರ್ ಹಾಕಿದರೆ ಕಲಬುರಗಿಯ ಏಪ್ರಿಲ್‌ನಲ್ಲಿ ಅದು ಮಾಡುವ ಕೆಲಸವನ್ನು ಮಂಗಳೂರಿನಲ್ಲಿ ಮಾಡಲಾರದು. ಅಲ್ಲಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಗಾಜು ಮುಚ್ಚಿದಿರೋ, ಈ ಪುಕ್ಕಟೆ ತಂಪನ್ನು ನೀವೇ ಕೈಯಾರೆ ಬಂದ್ ಮಾಡಿದಂತೆ. ಒಳಗೆ ಹಬೆ ಕಟ್ಟುತ್ತದೆ, ನೀರಿನ ಬಿಸಿ ಇಳಿಯುವುದೇ ಇಲ್ಲ.

ಇದರಲ್ಲೂ ಒಂದು ಮಾತಿದೆ. ನೀರು ಹಾಕುವ ಕೂಲರ್ ಅದೇ ಕೋಣೆಯಲ್ಲಿ ಓಡುತ್ತಿದ್ದರೆ ಕೋಣೆ ತಂಪಾಗುತ್ತದೆ, ಆದರೆ ಗಾಳಿಯಲ್ಲಿ ತೇವ ಏರಿ ಟ್ಯಾಂಕ್ ಫ್ಯಾನಿನ ಪ್ರಯೋಜನ ಕುಗ್ಗುತ್ತದೆ. ಕೂಲರ್ ಇದ್ದರೆ ಕಿಟಕಿ ತೆರೆದಿಡಿ. ಇಪ್ಪತ್ನಾಲ್ಕು ಗಂಟೆ ಎಸಿ ಅಥವಾ ಟ್ಯಾಂಕ್ ನೀರನ್ನು ತಂಪು ಮಾಡುವ ಚಿಲ್ಲರ್ ಇರುವ ಮನೆಗೆ ಈ ಲೆಕ್ಕ ಬೇಡ, ಅವರು ಗಾಜು ಹಾಕಿದರೂ ನಡೆಯುತ್ತದೆ. ಅಂಥ ಮನೆ ಎಷ್ಟಿವೆ ಅನ್ನುವುದು ಬೇರೆ ಮಾತು.

ಡಿಸೆಂಬರ್, ಜನವರಿಯಲ್ಲಿ ಇದೆಲ್ಲ ಉಲ್ಟಾ. ರಾತ್ರಿ ಹೀಟರ್ ಬಿಡದೆ ಉರಿಯುತ್ತದೆ, ಆಗ ಗಾಜು ಹಾಕಿದರೆ ಕರೆಂಟ್ ಉಳಿಯುತ್ತದೆ. ಬೀದರ್‌ನವರಿಗಂತೂ ಚಳಿ ಇನ್ನೂ ಜಾಸ್ತಿ. ಆ ಎರಡು ತಿಂಗಳಿಗೆ ಒಂದು ಗಾಜಿನ ತುಂಡು ಕತ್ತರಿಸಿ ಇಟ್ಟುಕೊಂಡರೆ ತಪ್ಪಿಲ್ಲ.

ಕರೆಂಟ್ ಹೋದಾಗ

ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಲ್ಲಿ. ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ ಕರಗುತ್ತದೆ. ಪಂಪು ನಿಂತು, ಮೇಲೆ ಗಾಜು ಬಿಗಿಯಾಗಿ ಮುಚ್ಚಿದ್ದು, ನೀರು 30 ಡಿಗ್ರಿ ಇದ್ದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯಲು ಬಹಳ ಹೊತ್ತು ಬೇಕಿಲ್ಲ. ಇನ್ವರ್ಟರ್‌ಗೆ ಕನಿಷ್ಠ ಒಂದು ಪಂಪ್ ಜೋಡಿಸಿ, ಅಥವಾ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಗಾಜು ಹಾಕಿದ್ದರೆ ಆ ಹೊತ್ತಿಗೆ ಸರಿಸಿ. ಯಾರೂ ಮನೆಯಲ್ಲಿಲ್ಲದಾಗ ಸರಿಸುವವರು ಯಾರು? ಬಿಗಿ ಮುಚ್ಚಳ ಬೇಡ ಎನ್ನಲು ನನಗೆ ಇದೊಂದೇ ಕಾರಣ ಸಾಕಾಗಿತ್ತು.

ಮೇಲಿಂದ ಬೀಳುವವು

ಟ್ಯೂಬ್‌ಲೈಟಿನ ಹಲ್ಲಿ ಇಲ್ಲಿ ಮೊದಲನೆಯದು. ಅಕ್ವೇರಿಯಂ ಲೈಟಿಗೆ ಹುಳ ಬರುತ್ತದೆ, ಹುಳಕ್ಕೆ ಹಲ್ಲಿ ಬರುತ್ತದೆ, ಹಲ್ಲಿ ಜಾರಿ ನೀರಿಗೆ ಬಿದ್ದು ಬಂಡೆಯ ಹಿಂದೆ ಕೊಳೆತರೆ ಅಮೋನಿಯಾ ಏರುತ್ತದೆ. ಗಂಜ್ ಕಡೆ, ದಾಲ್ ಮಿಲ್‌ಗಳ ಹತ್ತಿರ ಮನೆಯಿದ್ದರೆ ತೊಗರಿ ಸುಗ್ಗಿಯಲ್ಲಿ ಧೂಳೂ ಸೇರುತ್ತದೆ. ಹಲ್ಲಿಗೆ ಬಲೆ ಸಾಕು. ಧೂಳನ್ನು ಬಲೆ ತಡೆಯುವುದಿಲ್ಲ, ಆದರೆ ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಮತ್ತು ವಾರದ ನೀರು ಬದಲಾವಣೆ ಅದನ್ನು ನೋಡಿಕೊಳ್ಳುತ್ತವೆ.

ಸೊಳ್ಳೆ ಬತ್ತಿ, ಲಿಕ್ವಿಡ್, ಸ್ಪ್ರೇ ಇವಕ್ಕೆ ಯಾವ ಮುಚ್ಚಳವೂ ಉತ್ತರವಲ್ಲ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ವಿಷ. ಗಾಜು ಮುಚ್ಚಿದ್ದರೂ ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಪರದೆಯೇ ಸರಿ.

ಬಲೆಯ ಮುಚ್ಚಳ ಮಾಡುವುದು ಹೇಗೆ

ಇಷ್ಟು ಹೇಳಿದ ಮೇಲೆ ನನ್ನ ಒಲವು ಎತ್ತ ಎಂದು ಗೊತ್ತಾಗಿರಬೇಕು. ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಬಲೆಯ ಮುಚ್ಚಳವೇ ತಕ್ಕದ್ದು.

ಕಿಟಕಿಗೆ ಸೊಳ್ಳೆ ಜಾಲರಿ ಹಾಕುವವರ ಹತ್ತಿರ ಅಲ್ಯುಮಿನಿಯಂ ಫ್ರೇಮ್ ಸಿಗುತ್ತದೆ. ಪೌಡರ್ ಕೋಟಿಂಗ್ ಇರುವುದನ್ನೇ ಕೇಳಿ. ಅಳತೆ ಕೊಡುವಾಗ ಟ್ಯಾಂಕ್‌ನ ಒಳ ಅಂಚು, ಹೊರ ಅಂಚು ಎರಡನ್ನೂ ಅಳೆಯಿರಿ. ಫ್ರೇಮ್ ಗಾಜಿನ ಅಂಚಿನ ಮೇಲೆ ಕೂರಬೇಕು, ನೀರಿನ ಕಡೆ ಜೋಲಬಾರದು. ಆದರೆ ಅವರು ಕೊಡುವ ಕಪ್ಪು ಸೊಳ್ಳೆ ಜಾಲರಿ ಬೇಡ. ಅದು ಬೆಳಕು ತಿನ್ನುತ್ತದೆ, ಕಣ್ಣುಗಳು ಸಣ್ಣವಾದ್ದರಿಂದ ಉಪ್ಪು ಕಟ್ಟಿ ಮುಚ್ಚಿಹೋಗುತ್ತದೆ. ಸುಮಾರು 6 ಮಿ.ಮೀ. ಕಣ್ಣಿನ ಬಿಳಿ ಅಥವಾ ಪಾರದರ್ಶಕ ನೈಲಾನ್ ಬಲೆ ತಂದು ಅದೇ ಫ್ರೇಮಿನ ರಬ್ಬರ್ ಬೀಡಿಂಗ್‌ಗೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಕೂರಿಸಲು ಹೇಳಿ. ತೀರಾ ಸಣ್ಣ ಗೋಬಿ ಇದ್ದರೆ ಇನ್ನೂ ಕಿರಿದು ಕಣ್ಣಿನದು. ತಾಮ್ರದ ತಂತಿ, ಹಿತ್ತಾಳೆಯ ಸ್ಕ್ರೂ, ಜಿಂಕ್ ಹಚ್ಚಿದ ಕಬ್ಬಿಣದ ಜಾಲರಿ ಹತ್ತಿರಕ್ಕೂ ಬೇಡ. ಉಪ್ಪು ಅವನ್ನು ತಿಂದು ಹನಿಹನಿಯಾಗಿ ಟ್ಯಾಂಕ್‌ಗೆ ಇಳಿಸುತ್ತದೆ. ತಾಮ್ರವಂತೂ ಸೀಗಡಿ, ಬಸವನಹುಳುಗಳಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಅಕ್ರಿಲಿಕ್ ಹಾಳೆಯೂ ಬೇಡ, ಕೆಳಗಿನ ತೇವಕ್ಕೆ ಕೆಲವೇ ವಾರಗಳಲ್ಲಿ ಬಾಗುತ್ತದೆ.

ಪೈಪು, ವೈರು ಬರುವ ಕಡೆ ಫ್ರೇಮ್ ಕತ್ತರಿಸಿದ ಸಂದಿಯನ್ನು ಮರೆಯಬೇಡಿ. ಅಷ್ಟು ದೊಡ್ಡ ಮುಚ್ಚಳ ಬಿಟ್ಟು ಮೀನು ಹುಡುಕಿ ಹಾರುವುದು ಆ ಎರಡು ಬೆರಳಿನ ಸಂದಿಯಿಂದಲೇ. ಉಳಿದ ಬಲೆಯ ಚೂರನ್ನು ಅಲ್ಲಿಗೆ ಮಡಚಿ ತುರುಕಿ.

ಒಂದೆರಡು ವಾರದಲ್ಲಿ ಫ್ರೇಮಿನ ಅಂಚಿಗೆ ಬಿಳಿ ಉಪ್ಪಿನ ಹೊರಪದರ ಕಟ್ಟುತ್ತದೆ. ಮುಟ್ಟಿದರೆ ಪುಡಿಯಾಗುತ್ತದೆ. ಆದರೆ ಅದು ನಿಧಾನಕ್ಕೆ ವೈರಿನ ಮೇಲೆ ಹರಿದು ಪ್ಲಗ್ಗಿನ ಕಡೆ ಹೋಗುತ್ತದೆ. ತೆರೆದ ಟ್ಯಾಂಕ್‌ನಲ್ಲೂ ಬಲೆಯಲ್ಲೂ ಈ ತೊಂದರೆ ಗಾಜಿಗಿಂತ ಜಾಸ್ತಿ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಬಲೆಯನ್ನು ಆರ್‌ಒ ನೀರಿನಲ್ಲಿ ತೊಳೆಯಿರಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವಂತೆ ಬಿಡಿ. ಹಾಗೆ ಮಾಡಿದರೆ ನೀರು ಆ ತಿರುವಿನಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ. ಟ್ಯಾಂಕ್‌ನ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿದ್ದೀರಾ ಎಂದು ಎಲೆಕ್ಟ್ರೀಷಿಯನ್‌ನನ್ನು ಕೇಳಿ. ಹಾಕಿಸಿಲ್ಲದಿದ್ದರೆ ಬಲೆಗಿಂತ ಮೊದಲು ಅದನ್ನು ಮಾಡಿಸಿ.