ಮಕ್ಕಳ ಸ್ವಭಾವ ನೋಡ್ಕೊಂಡು ಊಟ, ಆಟದ ಅಭ್ಯಾಸ ಮಾಡಿಸೋದು ಹೇಗೆ?

ಹದಿಮೂರು ದಾಟಿದ ಮಕ್ಕಳಿರೋ ಮನೇಲಿ ದೂರು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ತರಕಾರಿ ತಟ್ಟೆ ಅಂಚಿಗೆ ಎತ್ತಿಡ್ತಾನೆ, ಟ್ಯೂಷನ್‌ನಿಂದ ಬರ್ತಾ ಬೇಕರೀಲಿ ಪಫ್ಸ್ ತಿಂದು ಬಂದು ರಾತ್ರಿ ಊಟ ಬೇಡ ಅಂತಾಳೆ, ಆಡೋಕೆ ಹೋಗೋ ಅಂದ್ರೆ ಮೊಬೈಲ್ ಹಿಡ್ಕೊಂಡು ಮೂಲೆ ಸೇರ್ತಾನೆ. ನಾವೂ ಎಲ್ರಿಗೂ ಒಂದೇ ಮಾತು ಹೇಳ್ತೀವಿ, "ನಿಮ್ಮಕ್ಕನ್ನ ನೋಡಿ ಕಲಿ". ಆದ್ರೆ ಅಕ್ಕನಿಗೆ ಒಗ್ಗಿದ್ದು ತಮ್ಮನಿಗೆ ಒಗ್ಗಲ್ಲ, ಇಬ್ಬರ ಸ್ವಭಾವನೇ ಬೇರೆ. ಆ ಸ್ವಭಾವ ತಿದ್ದೋಕೆ ಹೋಗ್ಬೇಡಿ, ಅದಕ್ಕೆ ಹೊಂದೋ ಹಾಗೆ ಅಭ್ಯಾಸ ಜೋಡಿಸಿ, ಕೆಲಸ ಆಗತ್ತೆ.

ಮೊದಲು ಎಷ್ಟು ಬೇಕು ಅನ್ನೋದು ಗೊತ್ತಿರ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗೋ ಅಷ್ಟು ಓಡಾಟ ಬೇಕು, ಅದ್ರಲ್ಲಿ ವಾರಕ್ಕೆ 3 ದಿನವಾದ್ರೂ ಮೂಳೆ, ಸ್ನಾಯು ಗಟ್ಟಿ ಮಾಡೋ ಅಂಥದ್ದು, ಸ್ಕಿಪ್ಪಿಂಗ್, ಬಸ್ಕಿ, ಓಟ, ಖೋಖೋ ಏನಾದ್ರೂ ಸರಿ. ಇದೇ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ 11ರಿಂದ 17 ವಯಸ್ಸಿನ ಶೇ. 81ರಷ್ಟು ಮಕ್ಕಳಿಗೆ ಇಷ್ಟು ಚಟುವಟಿಕೆ ಸಿಗ್ತಿಲ್ಲ, ಹೆಣ್ಣುಮಕ್ಕಳಲ್ಲಂತೂ ಶೇ. 85. ಹಾಗಾಗಿ ನಿಮ್ಮ ಮಗು ಒಂದೇ ಸೋಮಾರಿ ಅಂದ್ಕೋಬೇಡಿ. ಊಟಕ್ಕೆ ಬಂದ್ರೆ ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆ ಸರಳವಾಗಿದೆ, ಅರ್ಧ ತಟ್ಟೆ ತರಕಾರಿ, ಸೊಪ್ಪು, ಹಣ್ಣು ಇರ್ಬೇಕು. ನಿದ್ದೆ 8ರಿಂದ 10 ಗಂಟೆ.

ಈಗ ಸ್ವಭಾವ. ಮನಃಶಾಸ್ತ್ರದವರು ಐದು ಗುಣ ನೋಡ್ತಾರೆ: ಅಚ್ಚುಕಟ್ಟುತನ, ಜನರ ಜೊತೆ ಬೆರೆಯೋದು, ಬೇಗ ಆತಂಕ ಪಡೋದು, ಹೊಸದರ ಬಗ್ಗೆ ಕುತೂಹಲ, ಹೊಂದಿಕೊಂಡು ಹೋಗೋದು. ಎಲ್ಲಾ ಮಕ್ಕಳಲ್ಲೂ ಐದೂ ಇರತ್ತೆ, ಪ್ರಮಾಣ ಮಾತ್ರ ಬೇರೆಬೇರೆ. ಒಂದೆರಡು ವಾರ ಸುಮ್ನೆ ಗಮನಿಸಿ, ಏನೂ ಹೇಳ್ಬೇಡಿ. ಮತ್ತೆ "ನೀನು ಇಂಥವನು" ಅಂತ ಮಗು ಹಣೆಗೆ ಪಟ್ಟಿ ಅಂಟಿಸ್ಬೇಡಿ, ಈ ವಯಸ್ಸಲ್ಲಿ ಗುಣಗಳು ಇನ್ನೂ ಬದಲಾಗ್ತಾ ಇರತ್ತೆ.

ಅಚ್ಚುಕಟ್ಟು ಇರೋ ಮಕ್ಕಳು ಆರೋಗ್ಯದ ಅಭ್ಯಾಸನೂ ಚೆನ್ನಾಗಿ ಉಳಿಸ್ಕೋತಾರೆ ಅನ್ನೋದು ಸುಮಾರು ಅಧ್ಯಯನಗಳಲ್ಲಿ ಕಂಡಿದೆ. ಆದ್ರೆ ಹದಿಹರೆಯದ ಶುರುವಿನಲ್ಲಿ ಈ ಗುಣ ಸ್ವಲ್ಪ ಇಳಿಯೋದು ಮಾಮೂಲು, ಏಳನೇ ಕ್ಲಾಸಲ್ಲಿ ಬ್ಯಾಗು ತಾನೇ ಜೋಡಿಸ್ತಿದ್ದವಳು ಒಂಬತ್ತರಲ್ಲಿ ಸಾಕ್ಸ್ ಹುಡುಕ್ತಾ ನಿಂತಿದ್ರೆ ಗಾಬರಿ ಬೇಡ. ಇಂಥ ಮಗೂಗೆ "ಮನಸ್ಸು ಗಟ್ಟಿ ಮಾಡ್ಕೋ" ಅಂದ್ರೆ ಉಪಯೋಗ ಇಲ್ಲ, ಮನೆ ವ್ಯವಸ್ಥೆ ಗಟ್ಟಿ ಇರ್ಬೇಕು. ಶೂಸ್ ಬಾಗಿಲ ಹತ್ರನೇ ಇರ್ಲಿ, ಹೆಚ್ಚಿದ ಹಣ್ಣು, ಬೇಯಿಸಿದ ಕಡ್ಲೇಕಾಯಿ ಕೈಗೆ ಸಿಗೋ ಜಾಗದಲ್ಲಿ ಇಡಿ, ಚಿಪ್ಸ್ ಪ್ಯಾಕೆಟ್ ಮನೆಗೆ ತರೋದನ್ನೇ ಕಮ್ಮಿ ಮಾಡಿ. ಇನ್ನೊಂದು, "ದಿನಾ ಆಡ್ತೀನಿ" ಅನ್ನೋ ಮಾತಿನ ಬದಲು "ಸ್ಕೂಲಿಂದ ಬಂದು ಯೂನಿಫಾರ್ಮ್ ಬಿಚ್ಚಿದ ತಕ್ಷಣ ಸೈಕಲ್ ತಗೊಂಡು ಹೊರಡ್ತೀನಿ" ಅಂತ ಇದಾದ್ಮೇಲೆ ಇದು ಅನ್ನೋ ಥರ ನಿಗದಿ ಮಾಡ್ಸಿ, ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇಂಥ ಯೋಜನೆ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದಾರೆ, ಹದಿಹರೆಯದವರಿಗೂ ಇದು ಚೆನ್ನಾಗಿ ಕೂರತ್ತೆ.

ಜನ ಇದ್ರೇನೇ ಉತ್ಸಾಹ ಬರೋ ಮಕ್ಕಳಿಗೆ ಕಬಡ್ಡಿ, ವಾಲಿಬಾಲ್, ಎನ್‌ಸಿಸಿ, ಡೊಳ್ಳು ಕುಣಿತ, ಯಕ್ಷಗಾನದ ಹೆಜ್ಜೆ, ಯಾವುದಾದ್ರೂ ಗುಂಪಿಗೆ ಸೇರ್ಸಿ, ಒಬ್ಬನೇ ಓಡು ಅಂದ್ರೆ ಮೂರನೇ ದಿನ ಬಿಡ್ತಾನೆ. ಇವ್ರ ತಿಂಡಿನೂ ಗುಂಪಲ್ಲೇ ನಡೆಯತ್ತೆ. ಗೋಬಿ ಮಂಚೂರಿ ಪೂರ್ತಿ ನಿಷೇಧ ಮಾಡಿದ್ರೆ ನಿಮ್ಗೆ ಹೇಳ್ದೆ ತಿಂತಾರೆ ಅಷ್ಟೇ. ಅದ್ರ ಬದಲು 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬೀಲಿ ಕೃತಕ ಬಣ್ಣ ಹಾಕೋದು ನಿಷೇಧಿಸಿದ್ದು ಯಾಕೆ ಅಂತ ಕೂರ್ಸಿ ಹೇಳಿ, ಕೆಂಪಗೆ ಹೊಳೀತಿದ್ರೆ ಬೇಡ ಅನ್ನೋದನ್ನ ಅವರೇ ಕಲೀತಾರೆ. ಒಂಟಿಯಾಗಿರೋದು ಇಷ್ಟಪಡೋ ಮಗೂನ ಮಾತ್ರ ನಲವತ್ತು ಹುಡುಗರಿರೋ ಕ್ರಿಕೆಟ್ ಕ್ಯಾಂಪಿಗೆ ತಳ್ಬೇಡಿ ಪ್ಲೀಸ್. ಅದಕ್ಕೆ ಈಜು, ಸೈಕಲ್, ಸೂರ್ಯ ನಮಸ್ಕಾರ, ಟೆರೇಸ್ ಮೇಲೆ ಸ್ಕಿಪ್ಪಿಂಗ್ ಸಾಕು, ಇದೂ ವ್ಯಾಯಾಮನೇ.

ಬೇಗ ಆತಂಕ ಪಡೋ ಮಕ್ಕಳ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಬೈಗುಳ ಅತಿ ಹೆಚ್ಚು ತಿನ್ನೋದು ಇವ್ರೇ. ಟೆಸ್ಟ್ ಇದ್ರೆ ಬೆಳಗ್ಗೆ ತಿಂಡಿ ಗಂಟಲಲ್ಲಿ ಇಳಿಯಲ್ಲ, ರಾತ್ರಿ ಹನ್ನೊಂದಕ್ಕೆ ಮಿಕ್ಸ್ಚರ್ ಡಬ್ಬ ಖಾಲಿ ಆಗಿರತ್ತೆ. ಅದು ಹೊಟ್ಟೆಬಾಕತನ ಅಲ್ಲ, ಮನಸ್ಸಿನ ಕಸಿವಿಸಿ. "ಈಗ ಅನ್ನ ಸಾರು ಕೊಟ್ರೆ ತಿಂತೀಯಾ ಪುಟ್ಟ?" ಅಂತ ಮೆಲ್ಲಗೆ ಕೇಳಿ. ಹೂಂ ಅಂದ್ರೆ ಹಸಿವಾಗಿದೆ, ಬಡಿಸಿ. ಬೇಡ, ಮಿಕ್ಸ್ಚರೇ ಬೇಕು ಅಂದ್ರೆ ಟೆನ್ಷನ್ ಇರ್ಬಹುದು, ಪುಸ್ತಕ ಮುಚ್ಚಿಸಿ ಹತ್ತು ನಿಮಿಷ ಜೊತೇಲಿ ನಡೀರಿ, ಆಗ ಮಾರ್ಕ್ಸ್ ವಿಷ್ಯ ಎತ್ಬೇಡಿ. ಪರೀಕ್ಷೆ ದಿನ ದೊಡ್ಡ ತಿಂಡಿ ಹೋಗಲ್ಲ ಅಂದ್ರೆ ಒಂದು ಲೋಟ ರಾಗಿ ಗಂಜಿ, ಒಂದು ಬಾಳೆಹಣ್ಣು ಆದ್ರೂ ಸಾಕು. ಪಿಟಿ ಪೀರಿಯಡ್‌ಗೆ ಹೊಟ್ಟೆನೋವು ಅಂತ ಕೂರೋ ಮಕ್ಕಳಲ್ಲಿ ಎಷ್ಟೋ ಜನ ಬೇರೆಯವ್ರು ನೋಡ್ತಾರೆ, ನಗ್ತಾರೆ ಅನ್ನೋ ಭಯದಲ್ಲೇ ಕೂತಿರ್ತಾರೆ, ಇವ್ರಿಗೆ ಯಾರೂ ನೋಡದ ಜಾಗದಲ್ಲಿ ಶುರು ಮಾಡ್ಸಿ, ರೂಢಿ ಆದ್ಮೇಲೆ ಒಬ್ಬ ಫ್ರೆಂಡ್ ಸೇರ್ಕೊಳ್ಳಲಿ. ಮತ್ತೆ ಮನೆಗೆ ಬಂದ ನೆಂಟರು "ಏನಮ್ಮಾ, ದಪ್ಪ ಆಗ್ಬಿಟ್ಟಿದೀಯ" ಅಂದಾಗ ದಯವಿಟ್ಟು ಅಲ್ಲೇ ತಡೀರಿ, ಅವ್ರು ಎಷ್ಟೇ ಹಿರಿಯರಾಗಿರಲಿ. ಆ ಒಂದು ಮಾತಿಗೆ ಊಟ ಬಿಟ್ಟು ಕೂರೋ ಹುಡುಗೀರಿದಾರೆ.

ಕುತೂಹಲ ಕಮ್ಮಿ ಇರೋ ಮಕ್ಕಳಿಗೆ ಹೊಸ ತರಕಾರಿ ಅಂದ್ರೇನೇ ಮುಖ ಸಿಂಡರಿಸೋದು. ಒತ್ತಾಯ ಮಾಡ್ದೆ ಗೊತ್ತಿರೋ ರುಚಿಯಲ್ಲೇ ಕೊಡಿ, ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು, ಉಪ್ಪಿಟ್ಟಿಗೆ ಬೀನ್ಸು ಕ್ಯಾರೆಟ್ಟು, ಒಂದ್ಸಲ ಬೇಡ ಅಂದಿದ್ದನ್ನ ವಾರ ಬಿಟ್ಟು ಮತ್ತೆ ಒಂದು ಚಮಚ ಇಡಿ. ಕುತೂಹಲ ಇರೋರ ಕೈಗೆ ಸೌಟೇ ಕೊಟ್ಬಿಡಿ. ಎಲ್ಲದಕ್ಕೂ ಹೂಂ ಅನ್ನೋ ಮಕ್ಕಳಿಗೆ "ಸಾಕು ಅತ್ತೆ, ಹೊಟ್ಟೆ ತುಂಬ್ತು" ಅನ್ನೋಕೆ ಕಲಿಸ್ಬೇಕು.

ಸ್ವಭಾವ ಯಾವುದೇ ಇರ್ಲಿ, ಕಬ್ಬಿಣದಂಶ ಮರೀಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದ 15ರಿಂದ 19 ವಯಸ್ಸಿನ ಹುಡುಗೀರಲ್ಲಿ ಶೇ. 59ರಷ್ಟು ಜನಕ್ಕೆ ರಕ್ತಹೀನತೆ ಕಂಡಿದೆ, ಹುಡುಗರಲ್ಲಿ ಶೇ. 31. ಸುಸ್ತಾದ ಮಗೂನ ಸೋಮಾರಿ ಅನ್ನೋ ಮುಂಚೆ ಹಿಮೋಗ್ಲೋಬಿನ್ ಚೆಕ್ ಮಾಡ್ಸಿ. ಸೊಪ್ಪು, ಕಾಳಿನ ಜೊತೆ ನಿಂಬೆಹಣ್ಣು ಹಿಂಡಿ, ಊಟ ಆದ ಕೂಡ್ಲೆ ಕಾಫಿ ಟೀ ಬೇಡ, ಸ್ಕೂಲಲ್ಲಿ ವಾರಕ್ಕೊಂದು ಕೊಡೋ ಕಬ್ಬಿಣದ ನೀಲಿ ಮಾತ್ರೆ ಬ್ಯಾಗಲ್ಲೇ ಉಳೀತಿದ್ಯಾ ಅಂತ ನೋಡಿ.

ಕೊನೇದಾಗಿ, ತುಂಬಾ ಅಚ್ಚುಕಟ್ಟು ಮತ್ತೆ ಆತಂಕ ಎರಡೂ ಒಟ್ಟಿಗಿರೋ ಮಕ್ಕಳ ಮೇಲೆ ಒಂದು ಕಣ್ಣಿಡಿ. 95 ಬಂದ್ರೂ ಅಳೋ ಮಗು ಡಯಟ್ ಶುರು ಮಾಡಿದ್ರೆ ಅದನ್ನೂ ಅಷ್ಟೇ ಹಟದಿಂದ ಮಾಡತ್ತೆ. ಪ್ರತಿ ತುತ್ತಿಗೂ ಕ್ಯಾಲೊರಿ ಎಣಿಸೋದು, ಊಟ ಆದ್ಮೇಲೆ ಬಾತ್‌ರೂಮಲ್ಲಿ ವಾಂತಿ ಮಾಡೋದು, ಮುಟ್ಟು ನಿಲ್ಲೋದು, ತೂಕ ಬೇಗ ಇಳಿಯೋದು, ಜ್ವರ ಇದ್ರೂ ವ್ಯಾಯಾಮ ಬಿಡದೇ ಇರೋದು ಕಂಡ್ರೆ "ವಯಸ್ಸು, ಸರಿಹೋಗತ್ತೆ" ಅಂತ ಕಾಯ್ಬೇಡಿ, ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಯಾರ ಹತ್ರ ಮಾತಾಡೋದು ಅಂತ ತೋಚದೇ ಇದ್ರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.