ನಮ್ಮ ಸಾವಯವ ಬಳಗದ ಲೆಕ್ಕಪುಸ್ತಕ

ಸಾಗರ ತಾಲ್ಲೂಕಿನ ನಮ್ಮ ಸಾವಯವ ಬೆಳೆಗಾರರ ಬಳಗದ ಕಾರ್ಯದರ್ಶಿಯಾಗಿ ಆರು ವರ್ಷ ಕೆಲಸ ಮಾಡಿದ್ದೇನೆ. ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ತಂದು ಅಡಿಕೆ ತೋಟಕ್ಕೆ ಹಾಸುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಹಾಸಿದ್ದನ್ನು ಬರೆದಿಡುವಂತೆ ಮಾಡುವುದಕ್ಕೇ ನನ್ನ ಮೊದಲೆರಡು ವರ್ಷಗಳು ಹೋದವು.

ನೆರೆಯವರೇ ಪರಸ್ಪರ ತೋಟ ನೋಡಿ ಒಪ್ಪಿಗೆ ಕೊಡುವ ಪಿಜಿಎಸ್ ಪ್ರಮಾಣಪತ್ರ ದೇಶದೊಳಗಿನ ಮಾರಾಟಕ್ಕೆ ಸಾಕು. ಆದರೆ ಕಾಳುಮೆಣಸನ್ನು ಸಾವಯವವೆಂದು ರಫ್ತು ಮಾಡಲು ಎನ್‌ಪಿಒಪಿ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ, ಪ್ರಮಾಣೀಕರಣ ಬೇಕು. ಬಹುವಾರ್ಷಿಕ ಬೆಳೆಗೆ ಅದರ ಪರಿವರ್ತನೆಯ ಅವಧಿ, ಅಂದರೆ ಸಾವಯವಕ್ಕೆ ಹೊರಳಿದ ಮೇಲೆ ಕಾಯಬೇಕಾದ ಕಾಲ, 3 ವರ್ಷ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದಿದ್ದ ಮನೆಗಳ ಕಡತ ಸಿದ್ಧಪಡಿಸುವುದೇ ಒಂದು ಸಾಹಸವಾಯಿತು. ದಿನಚರಿ ಪುಸ್ತಕಗಳನ್ನು ಅಚ್ಚು ಹಾಕಿಸಿ ಹಂಚಿದೆವು. ಮಳೆಗಾಲ ಕಳೆದ ಮೇಲೆ ನೋಡಿದರೆ ಹೆಚ್ಚಿನವು ಖಾಲಿ. ಒಂದು ಮನೆಯ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಮಾತ್ರ, ಹಾಲಿನ ಲೆಕ್ಕದ ಪಕ್ಕದಲ್ಲೇ, ಆ ಮನೆಯಾಕೆ ‘ಗೊಬ್ಬರ 14 ಬುಟ್ಟಿ, ಮೇಲಿನ ತೋಟ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಅಂದಿನಿಂದ ಪುಸ್ತಕದ ಬದಲು ದೊಡ್ಡ ಚೌಕಗಳಿರುವ ಕ್ಯಾಲೆಂಡರ್ ಕೊಡುತ್ತಿದ್ದೇವೆ. ತಿಂಗಳಿಗೊಮ್ಮೆ ನಾನು ಹೋಗಿ ಅದನ್ನು ಕಡತಕ್ಕೆ ಇಳಿಸುತ್ತೇನೆ.

ನನ್ನನ್ನು ಹೆಚ್ಚು ನೋಯಿಸಿದ್ದು ಒಂದು ಆಷಾಢದ ಕೊಳೆರೋಗ, ಮಳೆಗಾಲದಲ್ಲಿ ಎಳೆ ಅಡಿಕೆಕಾಯಿ ಕೊಳೆತು ಉದುರುವ ರೋಗ. ಅದನ್ನು ತಡೆಯಲು 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕೆ.ಜಿ. ಬೆರೆಸಿದ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲಿ ಮಿತಿಯೊಳಗೆ ಅವಕಾಶವಿದೆ; ಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವ ಹಳೆಯ ಕ್ರಮವೂ ಇದೆ. ಎರಡಕ್ಕೂ ಮರ ಹತ್ತುವ ಕೊನೆಗಾರರು ಬೇಕು. ಆ ವರ್ಷ ಸಕಾಲಕ್ಕೆ ಕೊನೆಗಾರರು ಸಿಗದೆ, ಬಳಿಕ ಮಳೆ ಬಿಡದೆ, ನಮ್ಮ ಸದಸ್ಯರೊಬ್ಬರು ನಿಷಿದ್ಧ ಶಿಲೀಂಧ್ರನಾಶಕವನ್ನು ಹೊಡೆಸಿದರು. ನಾನು ಪರಿಶೀಲನೆಗೆ ಹೋದಾಗ ಅವರೇ ಅಂಗಳಕ್ಕೆ ಬಂದು, “ಮುಚ್ಚಿಡೂದಿಲ್ಲ ಮಾರಾಯ್ರೆ, ಕಾಯಿ ಉದುರೂದು ನೋಡೂಕೆ ಆಗ್ಲಿಲ್ಲ” ಎಂದರು. ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸಿರುವುದರಿಂದ ಅವರ ಮೆಣಸೂ ಪಟ್ಟಿಯಿಂದ ಹೊರಗುಳಿಯಿತು. ಒಬ್ಬರ ತಪ್ಪನ್ನು ಮುಚ್ಚಿಟ್ಟರೆ ಇಡೀ ಗುಂಪಿನ ಪ್ರಮಾಣಪತ್ರವೇ ಹೋಗಬಹುದಾದ್ದರಿಂದ ಬೇರೆ ದಾರಿ ಇರಲಿಲ್ಲ. ಆದರೂ ಬಳಗವು ಅವರಿಗೆ ನಿಯಮ ಹೇಳಿತ್ತೇ ಹೊರತು ಕೊನೆಗಾರರನ್ನು ಹುಡುಕಿಕೊಟ್ಟಿರಲಿಲ್ಲ, ಆದ್ದರಿಂದ ಆ ತಪ್ಪಿನಲ್ಲಿ ನಮ್ಮ ಪಾಲು ದೊಡ್ಡದೆಂದೇ ನನ್ನ ಅಭಿಪ್ರಾಯ. ಮರುವರ್ಷದಿಂದ ಮೇ ತಿಂಗಳಲ್ಲೇ ಮುಂಗಡ ಕೊಟ್ಟು, ಎಲ್ಲರ ತೋಟಗಳಿಗೂ ಸೇರಿ ಒಂದೇ ತಂಡವನ್ನು ಗೊತ್ತುಮಾಡುತ್ತಿದ್ದೇವೆ.

ಹಣದ ತೊಡಕು ಇನ್ನೂ ಬಗೆಹರಿದಿಲ್ಲ. ಪೇಟೆಯ ವ್ಯಾಪಾರಿ ತೂಕವಾದ ಕೂಡಲೇ ನೋಟು ಎಣಿಸುತ್ತಾನೆ; ನಾವು ಷೇರು ಹಣದಿಂದ ಅರ್ಧವನ್ನು ಅಂದೇ ಕೊಟ್ಟು, ಉಳಿದರ್ಧಕ್ಕೆ ಖರೀದಿದಾರರ ಪಾವತಿಯನ್ನು ಕಾಯುತ್ತೇವೆ. ಕಳೆದ ಹಂಗಾಮಿನಲ್ಲಿ ಅದಕ್ಕೆ ಮೂರು ತಿಂಗಳು ಹಿಡಿಯಿತು. ಮಗಳ ಕಾಲೇಜು ಶುಲ್ಕ ಕಟ್ಟಬೇಕಿದ್ದ ಸದಸ್ಯರೊಬ್ಬರು, ಮೂರು ವರ್ಷ ಕಾದು ಪ್ರಮಾಣಪತ್ರ ಪಡೆದ ಮೆಣಸನ್ನು ಸಾಮಾನ್ಯ ಬೆಲೆಗೆ ಪೇಟೆಗೇ ಹಾಕಿ ಬಂದರು.